ಗರ್ಭಚೀಲದ ಗಂಟು ಇಂಜೆಕ್ಷನ್ನಿಗೆ ಹೇಗೆ ಕುಗ್ಗುತ್ತದೆ?

ಬೆಳಗಾವಿಯ ಯಾವುದೇ ದೊಡ್ಡಾಸ್ಪತ್ರೆಯಲ್ಲಿ ಹೆಂಗಸರ ವಿಭಾಗದ ಮುಂದೆ ಒಂದು ಬೆಳಿಗ್ಗೆ ಕೂತರೆ ಈ ಮಾತು ಕಿವಿಗೆ ಬೀಳದೆ ಇರದು: “ಡಾಕ್ಟರ್ರೀ, ಇಂಜೆಕ್ಷನ್ ಮಾಡಿದ್ರ ಗಂಟು ಕರಗ್ತದೇನ್ರಿ? ಇಲ್ಲಾಂದ್ರ ಚೀಲಾನ ತಗಸಬೇಕೇನ್ರಿ?” ಕೇಳುವವರು ಗೋಕಾಕದಿಂದಲೋ ಅಥಣಿಯಿಂದಲೋ ರಾಮದುರ್ಗದಿಂದಲೋ ಬಂದವರು. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟು, ಅದರಲ್ಲಿ ಫೈಬ್ರಾಯ್ಡ್ ಅನ್ನುವ ಹೆಸರು. “ಗರ್ಭಚೀಲ 14 ವಾರದ ಗಾತ್ರ” ಅಂತ ಬರೆದಿದ್ದರಂತೂ ಮನೆಯಲ್ಲಿ ಗಲಿಬಿಲಿ. ಬಸುರಿಯಾಗದೆ ವಾರದ ಲೆಕ್ಕ ಎಲ್ಲಿಂದ ಬಂತು ಅಂತ. ಚೀಲ ಎಷ್ಟು ದೊಡ್ಡದಾಗಿದೆ ಎಂದು ಹೇಳಲು ಡಾಕ್ಟರುಗಳು ಬಳಸುವ ಅಳತೆ ಅದು, ಅಷ್ಟೇ.

ಇಂಜೆಕ್ಷನ್ನಿನ ಪ್ರಶ್ನೆಗೆ ಚಿಕ್ಕ ಉತ್ತರ ಇದು: ಗಂಟು ಕುಗ್ಗುತ್ತದೆ, ಆದರೆ ಮಾಯವಾಗುವುದಿಲ್ಲ. ಔಷಧಿ ನಿಲ್ಲಿಸಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಹೀಗೆ ಹೇಳಿದರೆ “ಹಂಗಾದ್ರ ಯಾಕ ಕೊಡ್ತೀರಿ?” ಅನ್ನುವುದು ನ್ಯಾಯವಾದ ಮರುಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಗಂಟಿನ ಒಳಗೆ ಏನಿದೆ, ಔಷಧಿ ಎಲ್ಲಿ ಹೋಗಿ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಸಮಾಧಾನವಾಗಿ ನೋಡಬೇಕು. ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ ಅಂದರೆ, ಈ ಇಂಜೆಕ್ಷನ್ನಿನ ಮುಖ್ಯ ಕೆಲಸ ನಡೆಯುವುದು ಹೊಟ್ಟೆಯಲ್ಲಿ ಅಲ್ಲ, ತಲೆಯಲ್ಲಿ.

ಗಂಟಿನೊಳಗೆ ಏನಿರುತ್ತದೆ

ಗರ್ಭಚೀಲದ ಗೋಡೆ ದಪ್ಪ ಸ್ನಾಯುವಿನದು. ಆ ಸ್ನಾಯುವಿನ ಒಂದೇ ಒಂದು ಜೀವಕೋಶ ದಾರಿ ತಪ್ಪಿ, ಒಡೆದೊಡೆದು ತನ್ನದೇ ಸಂತಾನ ಬೆಳೆಸಿದರೆ ಒಂದು ಫೈಬ್ರಾಯ್ಡ್ ಆಗುತ್ತದೆ. ಒಬ್ಬಳ ಗರ್ಭಚೀಲದಲ್ಲಿ ಐದು ಗಂಟುಗಳಿದ್ದರೆ ಸಾಮಾನ್ಯವಾಗಿ ಐದೂ ಬೇರೆ ಬೇರೆ ಜೀವಕೋಶದಿಂದ ಹುಟ್ಟಿದವು. ದಾರಿ ತಪ್ಪುವುದು ಯಾಕೆ ಅನ್ನುವುದಕ್ಕೆ ಒಂದು ದೊಡ್ಡ ಸುಳಿವು ಸಿಕ್ಕಿದ್ದು 2011ರಲ್ಲಿ. ಫಿನ್‌ಲೆಂಡಿನ ಸಂಶೋಧಕರು ನೋಡಿದಾಗ ಸುಮಾರು 70 ಪ್ರತಿಶತ ಗಂಟುಗಳಲ್ಲಿ ಎಂಇಡಿ12 ಎಂಬ ಒಂದೇ ಜೀನ್ ಕೆಟ್ಟಿತ್ತು. ಇದು ತಾಯಿಯಿಂದ ಬಂದ ಕೇಡಲ್ಲ. ಆ ಒಂದು ಜೀವಕೋಶದಲ್ಲಿ, ಬದುಕಿನ ನಡುವೆ ಎಲ್ಲೋ ಆದದ್ದು. ಗಂಟು ಇದೆ ಅಂದ ತಕ್ಷಣ ಕ್ಯಾನ್ಸರ್ ಅಂತ ಹೆದರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ.

ಗಂಟು ಅಂದರೆ ಬರೀ ಜೀವಕೋಶಗಳ ರಾಶಿ ಅಂದುಕೊಂಡರೆ ಮುಂದಿನದು ಅರ್ಥವಾಗುವುದಿಲ್ಲ. ಅದರ ದೊಡ್ಡ ಪಾಲು ಜೀವಕೋಶಗಳ ನಡುವೆ ತುಂಬಿಕೊಂಡ ಗಟ್ಟಿ ವಸ್ತು. ಮುಖ್ಯವಾಗಿ ಕೊಲಾಜೆನ್ ಎಂಬ ನಾರು, ಜತೆಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಕೆಲವು ಪದಾರ್ಥಗಳು. ಪಕ್ಕದ ಆರೋಗ್ಯವಂತ ಸ್ನಾಯುವಿಗೆ ಹೋಲಿಸಿದರೆ ಗಂಟಿನಲ್ಲಿ ಈ ವಸ್ತು ಸುಮಾರು ಒಂದೂವರೆ ಪಟ್ಟು. ಕೈಗೆ ಸಿಕ್ಕಾಗ ಗಂಟು ಅಷ್ಟು ಗಡುಸಾಗಿರುವುದು ಇದರಿಂದಲೇ. ಈ ನಾರನ್ನು ತಯಾರಿಸುವವೂ ಅವೇ ಜೀವಕೋಶಗಳು.

ಇವೆಲ್ಲ ನಡೆಯಬೇಕಾದರೆ ಎರಡು ಹಾರ್ಮೋನ್ ಬೇಕು: ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್. ಎರಡೂ ಮುಖ್ಯವಾಗಿ ಅಂಡಾಶಯದಿಂದ ಬರುತ್ತವೆ. ಮೊದಲ ಮುಟ್ಟಿಗೆ ಮುಂಚೆ ಹುಡುಗಿಯರಲ್ಲಿ ಫೈಬ್ರಾಯ್ಡ್ ಕಾಣುವುದೇ ಅಪರೂಪ, ಮುಟ್ಟು ನಿಂತವರಲ್ಲಿ ಅದು ತಾನಾಗಿ ಸಣ್ಣದಾಗುತ್ತದೆ ಅನ್ನುವುದು ಹಳೇ ಕಾಲದ ವೈದ್ಯರಿಗೂ ಗೊತ್ತಿತ್ತು. ಹಾಗಾಗಿ ಬಹಳ ವರ್ಷ ತಪ್ಪನ್ನೆಲ್ಲ ಈಸ್ಟ್ರೋಜೆನ್ ಮೇಲೆ ಹೊರಿಸಲಾಗಿತ್ತು. 2010ರ ಹೊತ್ತಿಗೆ ಲೆಕ್ಕ ಬದಲಾಯಿತು. ಮನುಷ್ಯರ ಫೈಬ್ರಾಯ್ಡ್ ಜೀವಕೋಶಗಳನ್ನು ಇಲಿಗಳ ಮೂತ್ರಪಿಂಡದ ಹೊದಿಕೆಯ ಕೆಳಗೆ ನೆಟ್ಟು ನೋಡಿದರು. ಬರೀ ಈಸ್ಟ್ರೋಜೆನ್ ಕೊಟ್ಟಾಗ ಅವು ಬೆಳೆಯಲಿಲ್ಲ. ಪ್ರೊಜೆಸ್ಟೆರಾನನ್ನೂ ಸೇರಿಸಿದಾಗ ಬೆಳೆದವು.

ಅಂದರೆ ಕೆಲಸ ಹಂಚಿಕೆಯಾಗಿದೆ. ಈಸ್ಟ್ರೋಜೆನ್ ಜೀವಕೋಶದೊಳಗೆ ಹೋಗಿ, ಪ್ರೊಜೆಸ್ಟೆರಾನ್ ಕೂರುವ ಜಾಗಗಳನ್ನು ಜಾಸ್ತಿ ಮಾಡಿಸುತ್ತದೆ. ಈ ಜಾಗಗಳಿಗೆ ರಿಸೆಪ್ಟರ್ ಅನ್ನುತ್ತಾರೆ. ಪ್ರೊಜೆಸ್ಟೆರಾನ್ ಬಂದು ಅಲ್ಲಿ ಕೂತ ಮೇಲೆ ಜೀವಕೋಶ ಒಡೆದು ಎರಡಾಗುವ ವೇಗ ಹೆಚ್ಚುತ್ತದೆ. ಬಿಸಿಎಲ್-2 ಎಂಬ ಪ್ರೊಟೀನ್ ಕೂಡ ಹೆಚ್ಚುತ್ತದೆ. ಜೀವಕೋಶ ತನ್ನ ಕಾಲ ಮುಗಿದಾಗ ತಾನೇ ಸಾಯುವ ವ್ಯವಸ್ಥೆಯೊಂದು ನಮ್ಮ ಮೈಯಲ್ಲಿ ಇದೆಯಲ್ಲ, ಅದಕ್ಕೆ ಈ ಪ್ರೊಟೀನ್ ಅಡ್ಡ ನಿಲ್ಲುತ್ತದೆ. ಹೊಸವು ಹುಟ್ಟುತ್ತಿವೆ, ಹಳೆಯವು ಸಾಯುತ್ತಿಲ್ಲ, ನಡುವೆ ನಾರು ತುಂಬುತ್ತಿದೆ. ಗಂಟು ದೊಡ್ಡದಾಗದೆ ಏನು ಮಾಡೀತು?

ತಲೆಯಲ್ಲಿ ನಡೆಯುವ ಕೆಲಸ

ಅಂಡಾಶಯ ತನ್ನಷ್ಟಕ್ಕೆ ತಾನು ಹಾರ್ಮೋನ್ ಸುರಿಸುವುದಿಲ್ಲ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಅನ್ನುವ ಪುಟ್ಟ ಹಾರ್ಮೋನನ್ನು ಬಿಡುತ್ತದೆ. ಹತ್ತೇ ಹತ್ತು ಅಮೈನೊ ಆಮ್ಲಗಳ ಸರ ಅದು. ಅದು ಪಕ್ಕದ ಪಿಟ್ಯುಟರಿ ಗ್ರಂಥಿಗೆ ತಲುಪುತ್ತದೆ. ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನ್ ಬಿಡುತ್ತದೆ. ಇವು ರಕ್ತದಲ್ಲಿ ಇಳಿದು ಬಂದು ಅಂಡಾಶಯವನ್ನು ಕೆಲಸಕ್ಕೆ ಹಚ್ಚುತ್ತವೆ. ಈ ಹತ್ತರ ಸರ ಹೇಗಿದೆ ಎಂದು ಪತ್ತೆ ಮಾಡಿದ್ದು 1971ರಲ್ಲಿ. ಅದಕ್ಕಾಗಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಲೆಮಿನ್ ಎಂಬ ಇಬ್ಬರು, ಒಬ್ಬರಿಗೊಬ್ಬರು ಪೈಪೋಟಿ ಕೊಡುತ್ತಾ, ಲಕ್ಷಾಂತರ ಹಂದಿ-ಕುರಿಗಳ ಮೆದುಳಿನ ಚೂರುಗಳನ್ನು ಅರೆದು ಸೋಸಿದ್ದರು. 1977ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಜಿಎನ್‌ಆರ್‌ಎಚ್ ಒಂದೇ ಸಮನೆ ಹರಿಯುವುದಿಲ್ಲ. ಸುಮಾರು ಗಂಟೆ, ಒಂದೂವರೆ ಗಂಟೆಗೊಮ್ಮೆ ಮಿಡಿತದಂತೆ ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಕರಗಿ ಹೋಗುತ್ತದೆ. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಮಿಡಿತಗಳ ನಡುವಿನ ಅಂತರ ಇನ್ನೂ ಹೆಚ್ಚು. ಈ ಬಿಡುವು ಎಷ್ಟು ಮುಖ್ಯ ಅನ್ನುವುದನ್ನು 1978ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಕೋತಿಗಳ ಮೇಲೆ ತೋರಿಸಿದರು. ಸ್ವಂತ ಜಿಎನ್‌ಆರ್‌ಎಚ್ ಇಲ್ಲದಂತೆ ಮಾಡಿದ ಕೋತಿಗಳಿಗೆ ಗಂಟೆಗೊಮ್ಮೆ ಅದನ್ನು ಕೊಟ್ಟಾಗ ಪಿಟ್ಯುಟರಿ ಸರಿಯಾಗಿ ಕೆಲಸ ಮಾಡಿತು. ಬಿಡುವಿಲ್ಲದೆ ಹರಿಸಿದಾಗ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಕುಸಿದವು. ಜಾಸ್ತಿ ಕೊಟ್ಟರೆ ಜಾಸ್ತಿ ಆಗಬೇಕಿತ್ತು, ಆಯಿತು ಉಲ್ಟಾ.

ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಇರುವ ಓಣಿಗೆ ಹೊಸದಾಗಿ ಹೋದವರಿಗೆ ಮೊದಲ ದಿನ ಮಗ್ಗದ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತದೆ. ಅಲ್ಲಿಯೇ ಇರುವವರನ್ನು ಕೇಳಿ, “ಯಾವ ಸಪ್ಪಳಾ?” ಅಂತಾರೆ. ಪಿಟ್ಯುಟರಿಗೂ ಆಗುವುದು ಇದೇ. ಸಂಕೇತ ಬಿಟ್ಟು ಬಿಟ್ಟು ಬಂದರೆ ಅದು ಪ್ರತಿ ಸಲವೂ ಎಚ್ಚೆತ್ತು ಉತ್ತರ ಕೊಡುತ್ತದೆ. ಹಗಲೂ ರಾತ್ರಿ ಒಂದೇ ಸಮನೆ ಬಂದರೆ ತನ್ನ ಮೈಮೇಲಿನ ರಿಸೆಪ್ಟರ್‌ಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಉಳಿದವು ಸಂಕೇತ ಬಂದರೂ ಒಳಗೆ ದಾಟಿಸುವುದಿಲ್ಲ.

ಲ್ಯೂಪ್ರೊಲೈಡ್, ಟ್ರಿಪ್ಟೊರೆಲಿನ್, ಗೊಸೆರೆಲಿನ್ ಅಂತ ಚೀಟಿಯಲ್ಲಿ ಬರುವ ಔಷಧಿಗಳೆಲ್ಲ ಈ ಗುಣವನ್ನೇ ಬಳಸಿಕೊಂಡವು. ಇವು ಜಿಎನ್‌ಆರ್‌ಎಚ್‌ನ ನಕಲುಗಳು. ಸರದ ಆರನೇ ಅಮೈನೊ ಆಮ್ಲವನ್ನು ಬದಲಾಯಿಸಿರುವುದರಿಂದ ಮೈಯ ಕಿಣ್ವಗಳಿಗೆ ಅವನ್ನು ಬೇಗ ಕತ್ತರಿಸಲು ಆಗುವುದಿಲ್ಲ. ತಿಂಗಳಿಗೊಮ್ಮೆ ಕೊಡುವ 3.75 ಮಿಲಿಗ್ರಾಂ ಲ್ಯೂಪ್ರೊಲೈಡ್ ಇಂಜೆಕ್ಷನ್ನಿನಲ್ಲಿ ಔಷಧಿ ಅತಿ ಸಣ್ಣ ಗುಂಡುಗಳೊಳಗೆ ಇರುತ್ತದೆ. ಗುಂಡುಗಳು ನಿಧಾನಕ್ಕೆ ಸವೆದಂತೆ ಔಷಧಿ ದಿನವೂ ಸ್ವಲ್ಪ ಸ್ವಲ್ಪ ಬಿಡುಗಡೆಯಾಗುತ್ತದೆ. ಮಿಡಿತ ಇಲ್ಲ, ಬಿಡುವೂ ಇಲ್ಲ.

ಪಿಟ್ಯುಟರಿ ಸುಮ್ಮನಾಗುವ ಮುಂಚೆ ಒಮ್ಮೆ ಜೋರಾಗಿ ಎದ್ದೇಳುತ್ತದೆ. ಹಾಗಾಗಿ ಮೊದಲ ಒಂದೆರಡು ವಾರ ಈಸ್ಟ್ರೋಜೆನ್ ಇಳಿಯುವ ಬದಲು ಏರುತ್ತದೆ. ಆಮೇಲೆ ಅದು ಕುಸಿದಾಗ ಒಮ್ಮೆ ಮುಟ್ಟು ಆಗುತ್ತದೆ, ಕೆಲವರಿಗೆ ಜೋರಾಗಿಯೇ. “ಇಂಜೆಕ್ಷನ್ ತಗೊಂಡ ಮ್ಯಾಲೆ ಜಾಸ್ತಿ ಆತು” ಅಂತ ಎರಡನೇ ಡೋಸಿಗೆ ಬಾರದವರು ಇದ್ದಾರೆ. ಇದನ್ನು ಮೊದಲೇ ಒಂದು ಮಾತಿನಲ್ಲಿ ಹೇಳಿದ್ದರೆ ಸಾಕಾಗುತ್ತಿತ್ತು. ನನ್ನ ಪ್ರಕಾರ ಇದು ರೋಗಿಯ ತಪ್ಪಲ್ಲ. ಹಾಗಂತ ರಕ್ತಸ್ರಾವ ನಿಲ್ಲದೆ ಹೋದರೆ, ತಲೆ ಸುತ್ತಿದರೆ ಕಾಯುತ್ತಾ ಕೂರಬಾರದು. ಒಳಪದರಕ್ಕೆ ಚಾಚಿಕೊಂಡ ದೊಡ್ಡ ಗಂಟಿರುವವರಲ್ಲಿ ಅಪರೂಪಕ್ಕೆ ಭಾರೀ ರಕ್ತಸ್ರಾವ ಆಗುವುದುಂಟು.

ಹಾರ್ಮೋನ್ ನಿಂತ ಮೇಲೆ ಗಂಟಿನಲ್ಲಿ

ಮೂರ್ನಾಲ್ಕು ವಾರ ಕಳೆಯುವ ಹೊತ್ತಿಗೆ ಈಸ್ಟ್ರೋಜೆನ್ ಮುಟ್ಟು ನಿಂತವರ ಮಟ್ಟಕ್ಕೆ ಇಳಿದಿರುತ್ತದೆ. ಮೊಟ್ಟೆ ಬಿಡುಗಡೆ ಆಗದ ಕಾರಣ ಪ್ರೊಜೆಸ್ಟೆರಾನ್ ಕೂಡ ಇಲ್ಲ. ಈಗ ಫೈಬ್ರಾಯ್ಡ್ ಜೀವಕೋಶದ ಒಳಗೆ ಹಲವು ಬದಲಾವಣೆಗಳು ಒಟ್ಟೊಟ್ಟಿಗೆ ಶುರುವಾಗುತ್ತವೆ.

ಒಡೆದು ಎರಡಾಗುವ ಕೆಲಸ ಮೊದಲು ನಿಧಾನವಾಗುತ್ತದೆ. ಆಪರೇಷನ್ ಮಾಡಿ ತೆಗೆದ ಗಂಟಿನ ತೆಳು ಚೂರನ್ನು ಪ್ರಯೋಗಾಲಯದಲ್ಲಿ ಬಣ್ಣ ಹಾಕಿ ನೋಡಿದರೆ, ಔಷಧಿ ಪಡೆದವರ ಗಂಟಿನಲ್ಲಿ ವಿಭಜನೆಯ ಗುರುತುಗಳು ಕಡಿಮೆ ಕಾಣುತ್ತವೆ. ಪಕ್ಕದ ಜೀವಕೋಶಗಳಿಗೆ “ಬೆಳೆಯಿರಿ” ಅಂತ ಹೇಳುವ ಐಜಿಎಫ್-1, ಇಜಿಎಫ್‌ನಂಥ ವಸ್ತುಗಳ ತಯಾರಿಯೂ ತಗ್ಗುತ್ತದೆ. ಗಂಟಿಗೆ ಇನ್ನೊಂದು ಚಾಳಿ ಇದೆ. ಅದು ಅರೊಮಟೇಸ್ ಎಂಬ ಕಿಣ್ವದ ಸಹಾಯದಿಂದ ತನಗೆ ಬೇಕಾದ ಈಸ್ಟ್ರೋಜೆನನ್ನು ಸ್ವಲ್ಪ ತಾನೇ ತಯಾರಿಸಿಕೊಳ್ಳುತ್ತದೆ. ಚಿಕಿತ್ಸೆಯಲ್ಲಿ ಆ ಕಿಣ್ವವೂ ಇಳಿಯುವುದು ಕಂಡುಬಂದಿದೆ.

ಎರಡನೆಯದು ಜೀವಕೋಶದ ಗಾತ್ರ. ಗಂಟು ಸಣ್ಣದಾಗುವುದು ಅಂದರೆ ಜೀವಕೋಶಗಳೆಲ್ಲ ಸಾಯುವುದು ಅಂತ ಹಲವರು ಅಂದುಕೊಳ್ಳುತ್ತಾರೆ. ಕೆಲವು ಸಾಯುವುದು ನಿಜ. ಬಿಸಿಎಲ್-2ರ ಅಡ್ಡಿ ತಗ್ಗಿದಾಗ, ಚಿಕಿತ್ಸೆಯ ಮೊದಲ ತಿಂಗಳಲ್ಲಿ ತಾವಾಗಿ ಸಾಯುವ ಜೀವಕೋಶಗಳ ಪ್ರಮಾಣ ಹೆಚ್ಚುತ್ತದೆ. ಆದರೆ ಬಹುಪಾಲು ಜೀವಕೋಶಗಳು ಸಾಯುವುದಿಲ್ಲ. ಅವುಗಳ ಒಳಗಿನ ತಿರುಳು ತೆಳುವಾಗಿ ಅವು ಬರೀ ಚಿಕ್ಕದಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಮೊದಲಿಗಿಂತ ಒತ್ತೊತ್ತಾಗಿ ಕಾಣುವುದೂ ಇದೇ ಕಾರಣಕ್ಕೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ರಕ್ತ. ಈಸ್ಟ್ರೋಜೆನ್ ರಕ್ತನಾಳಗಳನ್ನು ಸಡಿಲವಾಗಿ ಇಡುತ್ತದೆ. ಅದು ಇಲ್ಲದಾಗ ಗರ್ಭಚೀಲದ ನಾಳಗಳು ಬಿಗಿಯುತ್ತವೆ, ಹೊಸ ನಾಳ ಚಿಗುರಿಸುವ ವಿಇಜಿಎಫ್ ಕೂಡ ಕಡಿಮೆಯಾಗುತ್ತದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಗಂಟಿಗೆ ಹರಿಯುವ ರಕ್ತ ತಗ್ಗಿರುವುದು ಕಾಣುತ್ತದೆ.

ಇನ್ನು ನಾರು. ಟಿಜಿಎಫ್-ಬೀಟಾ ಎಂಬ ವಸ್ತು ಕೊಲಾಜೆನ್ ತಯಾರಿಕೆಯನ್ನು ನಡೆಸುತ್ತಿರುತ್ತದೆ. ಹಾರ್ಮೋನ್ ನಿಂತಾಗ ಅದು ಇಳಿಯುತ್ತದೆ, ಹೊಸ ಕೊಲಾಜೆನ್ ಕಡಿಮೆಯಾಗುತ್ತದೆ. ಹಳೇ ನಾರನ್ನು ಕತ್ತರಿಸುವ ಕಿಣ್ವಗಳ ಬಲ ಹೆಚ್ಚುತ್ತದೆ, ಅವನ್ನು ತಡೆಯುವ ಪ್ರೊಟೀನುಗಳ ಬಲ ತಗ್ಗುತ್ತದೆ. ಆದರೆ ಎಲ್ಲ ಗಂಟುಗಳಲ್ಲೂ ಇದು ಒಂದೇ ಥರ ಆಗುವುದಿಲ್ಲ. ವರ್ಷಗಟ್ಟಲೆ ಹಳೆಯದಾಗಿ ಸುಣ್ಣ ಕಟ್ಟಿದ ಗಂಟಿನಲ್ಲಿ ಕುಗ್ಗುವುದಕ್ಕೆ ಜೀವಂತ ಭಾಗವೇ ಕಡಿಮೆ. ಅಂಥದಕ್ಕೆ ಇಂಜೆಕ್ಷನ್ ಚುಚ್ಚಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬಾರದು.

ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಗಂಟಿನ ಗಾತ್ರ 35ರಿಂದ 65 ಪ್ರತಿಶತ ಇಳಿಯುತ್ತದೆ. ಆದರೂ ರಿಪೋರ್ಟ್ ನೋಡಿ ಬೇಜಾರಾಗುವವರೇ ಜಾಸ್ತಿ. “ಎಂಟು ಸೆಂಟಿಮೀಟರ್ ಇದ್ದದ್ದು ಆರೂ ಚಿಲ್ಲರೆ ಆಗೇತಿ, ಅಷ್ಟ!” ಅಂತ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ರಿಪೋರ್ಟಿನಲ್ಲಿ ಇರುವುದು ಅಡ್ಡಳತೆ. ಉಂಡೆಯ ಘನಗಾತ್ರ ಅಡ್ಡಳತೆಯ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 8 ಸೆಂಟಿಮೀಟರ್ ಗಂಟಿನ ಘನಗಾತ್ರ ಸುಮಾರು 268 ಮಿಲಿಲೀಟರ್, 6.3 ಸೆಂಟಿಮೀಟರ್ ಗಂಟಿನದು ಸುಮಾರು 131. ಅರ್ಧಕ್ಕಿಂತ ಹೆಚ್ಚೇ ಹೋಯಿತು, ಅಲ್ವಾ? ಮೂತ್ರಕೋಶದ ಮೇಲೆ ಕೂತಿದ್ದ ಗಂಟು ಅಷ್ಟು ಇಳಿದರೆ ರಾತ್ರಿ ಏಳುವುದು ಎಷ್ಟೋ ತಪ್ಪುತ್ತದೆ.

ಮೂಳೆಯ ಲೆಕ್ಕ

ಗಂಟಿಗೆ ಹಾರ್ಮೋನ್ ತಪ್ಪಿಸುವಾಗ ಉಳಿದ ಮೈಗೂ ತಪ್ಪುತ್ತದೆ. ಮುಖ ಕತ್ತು ಬಿಸಿಯಾಗಿ ಬೆವರುವುದು, ನಿದ್ದೆ ಕೆಡುವುದು, ಒಳಗೆ ಒಣಗಿದಂತಾಗುವುದು, ಸಿಡುಕು. ವಿಜಯಪುರದ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ದಿನಗಳಲ್ಲಿ, ಇದು ಬಿಸಿಲಿನದೋ ಇಂಜೆಕ್ಷನ್ನಿನದೋ ಅಂತ ಹೇಳುವುದೂ ಕಷ್ಟ.

ಇವು ಔಷಧಿ ನಿಲ್ಲಿಸಿದರೆ ಹೋಗುತ್ತವೆ. ಮೂಳೆಯ ವಿಚಾರ ಅಷ್ಟು ಸಲೀಸಲ್ಲ. ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ದುಡಿಯುತ್ತಿರುತ್ತವೆ. ಕರಗಿಸುವವನ್ನು ಹದ್ದಿನಲ್ಲಿ ಇಡುವುದು ಈಸ್ಟ್ರೋಜೆನ್. ಅದಿಲ್ಲದ ಆರು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಅಳೆದು ಹೇಳುವಷ್ಟು ಇಳಿಯುತ್ತದೆ. ಹಾಗಾಗಿ ಬರೀ ಇಂಜೆಕ್ಷನ್ನನ್ನು ಆರು ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ಆಪರೇಷನ್ನಿಗೆ ಮುಂಚಿನ ಚಿಕಿತ್ಸೆಯಾದರೆ ಮೂರು ತಿಂಗಳು ಸಾಕು.

ಇದಕ್ಕೆ ವೈದ್ಯರು ಕಂಡುಕೊಂಡ ಉಪಾಯ ಚಂದ ಇದೆ. ಎಲ್ಲ ಅಂಗಗಳಿಗೂ ಒಂದೇ ಪ್ರಮಾಣದ ಈಸ್ಟ್ರೋಜೆನ್ ಬೇಕಿಲ್ಲ. ಗಂಟು ಬೆಳೆಯುವುದಕ್ಕೆ ಬೇಕಾದಷ್ಟಕ್ಕಿಂತ ಕಡಿಮೆ ಈಸ್ಟ್ರೋಜೆನ್ ಮೂಳೆಗೆ ಸಾಕಾಗುತ್ತದೆ. ರಕ್ತದಲ್ಲಿ ಎಸ್ಟ್ರಾಡಯಾಲ್, ಅಂದರೆ ಈಸ್ಟ್ರೋಜೆನ್ನಿನ ಮುಖ್ಯ ರೂಪ, ಮಿಲಿಲೀಟರಿಗೆ 30ರಿಂದ 50 ಪಿಕೊಗ್ರಾಂ ನಡುವೆ ನಿಲ್ಲಿಸಿದರೆ ಎರಡೂ ಕಡೆ ಸರಿಹೋಗುತ್ತದೆ ಅನ್ನುವುದು ಆ ಲೆಕ್ಕ. ಹಾಗಾಗಿ ಹಾರ್ಮೋನನ್ನು ಪೂರ್ತಿ ನಿಲ್ಲಿಸಿ, ಹೊರಗಿನಿಂದ ಒಂದು ಚೂರು ವಾಪಸ್ ಕೊಡುತ್ತಾರೆ. ಕೊಡುವುದಾದರೆ ನಿಲ್ಲಿಸುವುದ್ಯಾಕೆ ಅಂತ ನಗು ಬರಬಹುದು. ಏರಿಳಿತ ಹೋಗಿ ಅಳತೆಯ ಮಟ್ಟ ಉಳಿಯುವುದೇ ಇದರ ಲಾಭ.

ಹೊಸ ಮಾತ್ರೆಗಳು ಈ ಲೆಕ್ಕವನ್ನೇ ಒಂದು ಗುಳಿಗೆಯಲ್ಲಿ ಕೂರಿಸಿವೆ. ರೆಲುಗೊಲಿಕ್ಸ್, ಎಲಗೊಲಿಕ್ಸ್ ಎಂಬುವು ಪಿಟ್ಯುಟರಿಯನ್ನು ಸುಸ್ತು ಮಾಡಿಸುವುದಿಲ್ಲ, ಅದರ ರಿಸೆಪ್ಟರ್ ಮೇಲೆ ಕೂತು ನೇರವಾಗಿ ತಡೆಯುತ್ತವೆ. ಹಾಗಾಗಿ ಮೊದಲ ವಾರಗಳ ಏರಿಕೆ ಇಲ್ಲ, ಕೆಲವೇ ದಿನಗಳಲ್ಲಿ ಈಸ್ಟ್ರೋಜೆನ್ ಇಳಿಯುತ್ತದೆ. 40 ಮಿಲಿಗ್ರಾಂ ರೆಲುಗೊಲಿಕ್ಸ್, 1 ಮಿಲಿಗ್ರಾಂ ಎಸ್ಟ್ರಾಡಯಾಲ್ ಮತ್ತು ಒಂದು ಪ್ರೊಜೆಸ್ಟೆರಾನ್ ಮಾದರಿ ಔಷಧಿ ಸೇರಿದ ಗುಳಿಗೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು, 24 ತಿಂಗಳವರೆಗೆ. ಆದರೆ ಇಂಥ ಗುಳಿಗೆ ರಕ್ತಸ್ರಾವವನ್ನು ತಗ್ಗಿಸಿದಷ್ಟು ಗಂಟನ್ನು ಕುಗ್ಗಿಸುವುದಿಲ್ಲ. ವಾಪಸ್ ಕೊಟ್ಟ ಹಾರ್ಮೋನಿಗೆ ತೆರುವ ಬೆಲೆ ಅದು.

ನಮ್ಮ ಕಡೆ ಬರೆಯುವ ಇನ್ನೊಂದು ಗುಳಿಗೆ ಮಿಫೆಪ್ರಿಸ್ಟೋನ್, ಸಣ್ಣ ಡೋಸಿನಲ್ಲಿ. ಇದರ ದಾರಿಯೇ ಬೇರೆ. ಮೆದುಳಿನ ಗೊಡವೆ ಬಿಟ್ಟು ಗಂಟಿನ ಜೀವಕೋಶದಲ್ಲೇ ಪ್ರೊಜೆಸ್ಟೆರಾನ್ ಕೂರುವ ಜಾಗಕ್ಕೆ ಹೋಗಿ ಅಡ್ಡ ಕೂರುತ್ತದೆ. ಇಲಿಗಳ ಪ್ರಯೋಗ ನೆನಪಿದ್ದರೆ ಇದು ಯಾಕೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಈಸ್ಟ್ರೋಜೆನ್ ಪೂರ್ತಿ ಇಳಿಯದ ಕಾರಣ ಮೂಳೆಗೆ ಅಷ್ಟು ತೊಂದರೆ ಇಲ್ಲ, ಆದರೆ ಗರ್ಭಚೀಲದ ಒಳಪದರದ ಮೇಲೆ ಕಣ್ಣಿಡಬೇಕು. ಇದೇ ಗುಂಪಿನ ಯುಲಿಪ್ರಿಸ್ಟಲ್ ಕೆಲವರ ಲಿವರ್ ಕೆಡಿಸಿದ್ದರಿಂದ 2020ರಲ್ಲಿ ಯುರೋಪಿನಲ್ಲಿ ಅದರ ಬಳಕೆಗೆ ಕಟ್ಟುನಿಟ್ಟು ಬಂತು. ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ತಂದು ನುಂಗುವ ಗುಳಿಗೆಗಳಲ್ಲ ಇವು.

ಮತ್ತೆ ಯಾಕೆ ಬೆಳೆಯುತ್ತದೆ

ಜೀವಕೋಶಗಳು ಸಾಯದೆ ಚಿಕ್ಕದಾಗುತ್ತವೆ ಅಂದೆನಲ್ಲ. ಇಂಜೆಕ್ಷನ್ನಿನ ಪ್ರಭಾವ ಹೋಗಿ ಪಿಟ್ಯುಟರಿ ಎಚ್ಚೆತ್ತಾಗ ಅಂಡಾಶಯ ಮತ್ತೆ ಶುರು. ಕುಗ್ಗಿದ್ದ ಜೀವಕೋಶಗಳು ಉಬ್ಬುತ್ತವೆ, ನಾರು ತುಂಬುತ್ತದೆ. ಮೂರರಿಂದ ಆರು ತಿಂಗಳಲ್ಲಿ ಗಂಟು ಬಹುತೇಕ ಹಳೇ ಗಾತ್ರಕ್ಕೆ ಬರುತ್ತದೆ.

ಇನ್ನೂ ಆಳದ ಕಾರಣ ಒಂದಿದೆ. ಗಂಟಿನಲ್ಲಿ ಕಾಂಡಕೋಶಗಳು ಅಂತ ಒಂದು ಸಣ್ಣ ಗುಂಪು ಇರುತ್ತದೆ. ಹೊಸ ಜೀವಕೋಶಗಳ ಮೂಲ ಅವೇ. ಅವುಗಳಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ರಿಸೆಪ್ಟರ್ ಬಹಳ ಕಡಿಮೆ. ಹಾಗಾದರೆ ಹಾರ್ಮೋನಿಗೆ ಅವು ಹೇಗೆ ಬೆಳೆಯುತ್ತವೆ? ಸುತ್ತಲಿನ ಬೆಳೆದ ಜೀವಕೋಶಗಳು ಹಾರ್ಮೋನ್ ಸಿಕ್ಕಾಗ ಡಬ್ಲ್ಯುಎನ್‌ಟಿ ಎಂಬ ಸಂಕೇತ ಕಳಿಸಿ ಇವನ್ನು ಎಬ್ಬಿಸುತ್ತವೆ. ಹಾರ್ಮೋನ್ ನಿಂತಾಗ ಸಂಕೇತ ನಿಲ್ಲುತ್ತದೆ, ಕಾಂಡಕೋಶಗಳು ಸುಮ್ಮನಿರುತ್ತವೆ, ಸಾಯುವುದಿಲ್ಲ. ಎಂಇಡಿ12 ಜೀನಿನ ಕೇಡು ಅವುಗಳಲ್ಲಿ ಹಾಗೇ ಇರುತ್ತದೆ. ಹಾರ್ಮೋನ್ ತಡೆಯುವ ಯಾವ ಔಷಧಿಯೂ ಆ ಕೇಡನ್ನು ಸರಿಮಾಡುವುದಿಲ್ಲ.

ಹಾಗಾದರೆ ಈ ಇಂಜೆಕ್ಷನ್ನಿನಿಂದ ಸಿಗುವುದು ಕಾಲಾವಕಾಶ. ಅದನ್ನು ಯಾವುದಕ್ಕೆ ಬಳಸುತ್ತೀರಿ ಅನ್ನುವುದರ ಮೇಲೆ ಲಾಭ ನಿಂತಿದೆ. 49-50ರ ಹೆಂಗಸಿಗೆ ಮುಟ್ಟು ನಿಲ್ಲುವ ಕಾಲ ಹತ್ತಿರವಿದ್ದರೆ ಅಲ್ಲಿವರೆಗೆ ದಾಟಿಸಲು ಆದೀತು. ಹಿಮೋಗ್ಲೋಬಿನ್ 6-7ಕ್ಕೆ ಇಳಿದವಳಿಗೆ ಮುಟ್ಟು ನಿಂತ ಮೂರು ತಿಂಗಳಲ್ಲಿ ಕಬ್ಬಿಣಾಂಶ ಕೊಟ್ಟು ರಕ್ತ ತುಂಬಿಸಬಹುದು, ಆಪರೇಷನ್ನಿನಲ್ಲಿ ಹೊರಗಿನ ರಕ್ತ ಹಾಕುವುದು ತಪ್ಪಬಹುದು. ಇಂಜೆಕ್ಷನ್ ರಕ್ತ ಹೋಗುವುದನ್ನು ನಿಲ್ಲಿಸುತ್ತದೆ, ರಕ್ತ ತಯಾರಿಸುವುದಿಲ್ಲ. ಅದಕ್ಕೆ ಕಬ್ಬಿಣದ ಗುಳಿಗೆ ಬೇಕು. ಅದನ್ನು ಊಟವಾದ ಮೇಲಿನ ಚಹಾದ ಜತೆ ನುಂಗಿದರೆ ಬಹುಪಾಲು ದಂಡ.

ಗಂಟು ಸಣ್ಣದಾದರೆ ಆಪರೇಷನ್ನಿನ ರೀತಿಯೂ ಬದಲಾಗುತ್ತದೆ. ಹೊಟ್ಟೆಯ ಉದ್ದಕ್ಕೆ ಕೊಯ್ಯುವ ಬದಲು ಕೆಳಗೆ ಅಡ್ಡ ಚಿಕ್ಕ ಗಾಯ ಸಾಕಾಗಬಹುದು. ಚೀಲ ಉಳಿಸಿ ಬರೀ ಗಂಟು ತೆಗೆಯುವವರಿಗೆ ಮಾತ್ರ ಒಂದು ತೊಡಕು: ಚಿಕಿತ್ಸೆಯಾದ ಗಂಟು ಸುತ್ತಲಿನ ಸ್ನಾಯುವಿಗೆ ಅಂಟಿದಂತಾಗಿ ಬಿಡಿಸುವುದು ಕಷ್ಟವಾಗಬಹುದು, ತೀರಾ ಸಣ್ಣ ಗಂಟುಗಳು ಕಣ್ಣಿಗೆ ಬೀಳದೆ ಉಳಿಯಬಹುದು. ಮಕ್ಕಳು ಬೇಕೆನ್ನುವವರಿಗೆ ಇದನ್ನು ಸರ್ಜನ್ ಜತೆ ಮೊದಲೇ ಮಾತಾಡುವುದು ಒಳ್ಳೆಯದು. ಚಿಕಿತ್ಸೆ ನಡೆಯುವಾಗಲೂ ಗಂಟು ಬೆಳೆಯುತ್ತಲೇ ಇದ್ದರೆ ಅದು ಫೈಬ್ರಾಯ್ಡ್ ಹೌದೋ ಅಲ್ಲವೋ ಎಂದು ಮತ್ತೆ ಪರೀಕ್ಷೆ ಮಾಡಿಸಬೇಕು.

“ಹೆಂಗೂ ತಗಸೂದ ಐತಿ, ಚೀಲಾ ತಗದುಬಿಡ್ರಿ” ಅನ್ನುವುದು ನಮ್ಮಲ್ಲಿ ಬೇಗ ಬಾಯಿಗೆ ಬರುವ ಮಾತು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಗಿ ಬಂತು. ತೆಗೆಸಲೇಬೇಕಾದವರು ಇದ್ದಾರೆ, ಅದರಲ್ಲಿ ತಪ್ಪಿಲ್ಲ. ಎಲ್ಲರಿಗೂ ಅದೇ ಮೊದಲ ಹೆಜ್ಜೆ ಆಗಬೇಕಿಲ್ಲ.

ಆಪರೇಷನ್ನಿಗಾಗಿ ಇಂಜೆಕ್ಷನ್ ಶುರುಮಾಡುವುದಾದರೆ ಆಪರೇಷನ್ನಿನ ದಿನವನ್ನೂ ಮೊದಲ ಇಂಜೆಕ್ಷನ್ನಿನ ದಿನವೇ ಗೊತ್ತು ಮಾಡಿಕೊಳ್ಳಿ. ಮೂರನೇ ಡೋಸ್ ಮುಗಿಯುವ ಹೊತ್ತಿಗೆ ಕಬ್ಬು ಕಟಾವು ಬಂತು, ಮನೆಯಲ್ಲಿ ಮದುವೆ ಬಂತು, “ಮುಗಿಸಿಕೊಂಡು ಬರ್ತೀನ್ರಿ” ಅಂತ ಹೋಗಿ ಆರು ತಿಂಗಳು ಬಿಟ್ಟು ಬಂದರೆ, ಸ್ಕ್ಯಾನಿನಲ್ಲಿ ಹಳೇ ಎಂಟು ಸೆಂಟಿಮೀಟರೇ ಕಾಣುತ್ತದೆ. ಕೊಟ್ಟ ಸಾವಿರಾರು ರೂಪಾಯಿಯೂ ಹೋಯಿತು, ಮೂಳೆ ಸವೆದದ್ದೂ ದಂಡ.